ರೂಪಾಯಿಯ ಬೀಗದ ಕೈ ಯಾರಲ್ಲಿ?

ಒಂದು ರಾಷ್ಟ್ರವು ಸ್ವತಂತ್ರವಾಯಿತೆಂಬುದನ್ನು ಲೋಕವು ಅದರ ಧ್ವಜದಿಂದ ತಿಳಿಯುವದು. ಆ ರಾಷ್ಟ್ರದ ಬಡವನಾದರೋ ತನ್ನ ಕೈಯೊಳಗಿನ ನಾಣ್ಯದಿಂದ ತಿಳಿಯುವನು. ಇಂದು ದುಡಿದು ತಂದ ನೂರು ರೂಪಾಯಿಗೆ ಬರುವ ವರ್ಷವೂ ಹೆಚ್ಚು ಕಡಿಮೆ ಇಷ್ಟೇ ಜೋಳ, ಇಷ್ಟೇ ಎಣ್ಣೆ ದೊರೆಯುವದೆಂಬ ನಂಬಿಗೆ ಇದ್ದಲ್ಲಿ ಅವನು ನಾಳಿನ ವಿಚಾರವನ್ನು ಮಾಡಬಲ್ಲನು. ಆ ನಂಬಿಗೆ ಇಲ್ಲದಲ್ಲಿ ಅವನ ಉಳಿತಾಯವು ಸೋರುವ ಕೊಡದೊಳಗಿನ ನೀರಾಗುವದು. ಈ ನಂಬಿಗೆಯನ್ನು ಕಾಯುವದಕ್ಕಾಗಿ ನಮ್ಮ ದೇಶದಲ್ಲಿ ಏರ್ಪಟ್ಟ ಸಂಸ್ಥೆಯೇ ರಿಝರ್ವ್ ಬ್ಯಾಂಕು. 1935ನೆಯ ಇಸವಿಯ ಎಪ್ರಿಲ್ 1ನೆಯ ತಾರೀಖಿಗೆ ಕೆಲಸವನ್ನಾರಂಭಿಸಿದ ಈ ಬ್ಯಾಂಕು 2025ರ ಎಪ್ರಿಲಿಗೆ ತೊಂಬತ್ತು ವರ್ಷಗಳನ್ನು ಪೂರೈಸಿತು. ಉತ್ಸವಗಳನ್ನು ಮಾಡುವವರು ಮಾಡಲಿ. ನಾವು ನಮ್ಮ ವಾಚಕರ ಮುಂದೆ ಇಡಬಯಸುವದು ಒಂದೇ ಪ್ರಶ್ನೆಯನ್ನು. ರೂಪಾಯಿಯ ಬೆಲೆಯನ್ನು ಏರಿಸುವ, ಇಳಿಸುವ ಬೀಗದ ಕೈಯು ಈ ಕಾಲಾವಧಿಯಲ್ಲಿ ಯಾರ ಸೊಂಟದಲ್ಲಿತ್ತು? ಇನ್ನು ಮುಂದೆ ಯಾರಲ್ಲಿ ಇರತಕ್ಕದ್ದು?

ಈ ಪ್ರಶ್ನೆಯು ಪಂಡಿತರಿಗೆ ಮಾತ್ರ ಸಂಬಂಧಿಸಿದ್ದೆಂದು ನಮ್ಮ ಜನರಲ್ಲಿ ಒಂದು ತಿಳುವಳಿಕೆ ಬೇರೂರಿರುವದು. ಅದು ಹಾಗಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಬ್ಯಾಂಕು ಹುಟ್ಟುವದಕ್ಕೆ ಮೊದಲು ಹಿಂದುಸ್ಥಾನದ ನಾಣ್ಯವ್ಯವಸ್ಥೆಯು ಲಂಡನ್ನಿನಲ್ಲಿಯ ಭಾರತಮಂತ್ರಿಯ ಕಚೇರಿಯಿಂದ ನಡೆಯುತ್ತಿತ್ತು. 1861ರ ಕಾಯಿದೆಯಿಂದ ನೋಟುಗಳನ್ನು ಹೊರಡಿಸುವ ಅಧಿಕಾರವು ಪ್ರಾಂತೀಯ ಬ್ಯಾಂಕುಗಳ ಕೈಬಿಟ್ಟು ಸರಕಾರದ ಕೈಸೇರಿತು. 1893ರಲ್ಲಿ ನಮ್ಮ ಟಂಕಸಾಲೆಗಳು ಬೆಳ್ಳಿಯನ್ನು ತಂದ ಜನರಿಗೆ ರೂಪಾಯಿ ಮಾಡಿಕೊಡುವದನ್ನು ನಿಲ್ಲಿಸಿದವು. ಅಂದಿನಿಂದ ರೂಪಾಯಿಯ ಬೆಲೆಯು ಅದರೊಳಗಿನ ಬೆಳ್ಳಿಯಿಂದಲ್ಲ, ಸರಕಾರದ ನಿರ್ಣಯದಿಂದ ಗೊತ್ತಾಗತೊಡಗಿತು. ಆ ಶತಮಾನದ ಕೊನೆಗೆ ರೂಪಾಯಿಗೆ ಒಂದು ಶಿಲಿಂಗು ನಾಲ್ಕು ಪೆನ್ಸು, ಅಂದರೆ 16 ಪೆನ್ಸಿನ ದರವು ಸ್ಥಿರವಾಯಿತು. ಮೊದಲನೆಯ ಮಹಾಯುದ್ಧದ ತರುವಾಯ 1920ರಲ್ಲಿ ಅದನ್ನು ಎರಡು ಶಿಲಿಂಗಿಗೆ ಏರಿಸಲು ಹೋಗಿ, ಆ ದರವನ್ನು ಕಾಯಲಾರದೆ, ಸರಕಾರವು ಬೊಕ್ಕಸಕ್ಕೆ ಭಾರಿ ಹಾನಿಯನ್ನು ತಂದುಕೊಂಡಿತು.

ಅನಂತರ ಬಂದದ್ದು 1926ರ ಹಿಲ್ಟನ್ ಯಂಗ್ ಕಮಿಶನ್ನು. ಡಾಕ್ಟರ ಅಂಬೇಡಕರರು 1923ರಲ್ಲಿ ರೂಪಾಯಿಯ ಸಮಸ್ಯೆಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ್ದರಷ್ಟೆ. ಅವರೂ ಈ ಕಮಿಶನ್ನಿನೆದುರು ಸಾಕ್ಷಿ ನುಡಿದರು. ದೇಶಕ್ಕೊಂದು ಕೇಂದ್ರ ಬ್ಯಾಂಕು ಬೇಕೆಂದೂ ರೂಪಾಯಿಯ ದರವು 18 ಪೆನ್ಸು ಇರಬೇಕೆಂದೂ ಕಮಿಶನ್ನು ಹೇಳಿತು. ಸರ್ ಪುರುಷೋತ್ತಮದಾಸ ಠಾಕೂರದಾಸರು ಈ ಎರಡನೆಯ ಮಾತನ್ನು ಒಪ್ಪದೆ ಭಿನ್ನಮತವನ್ನು ಬರೆದರು. ಆದರೂ 1927ರ ಕಾಯಿದೆಯು 18 ಪೆನ್ಸನ್ನೇ ಸ್ಥಿರಪಡಿಸಿತು.

ಹದಿನಾರಕ್ಕೂ ಹದಿನೆಂಟಕ್ಕೂ ಎರಡು ಪೆನ್ಸಿನ ಅಂತರವಷ್ಟೇ ಅಲ್ಲವೇ ಎಂದು ಕೇಳುವವರು ನಮ್ಮ ಒಕ್ಕಲಿಗನ ಲೆಕ್ಕವನ್ನು ನೋಡಬೇಕು. ಧಾರವಾಡ ಸೀಮೆಯ ಅರಳೆಯು ಹಡಗನ್ನೇರಿ ಪರದೇಶದಲ್ಲಿ ಒಂದು ಪೌಂಡಿಗೆ ಮಾರಿತೆಂದು ತಿಳಿಯೋಣ. ಪೌಂಡಿಗೆ 240 ಪೆನ್ಸು. 16 ಪೆನ್ಸಿನ ದರದಲ್ಲಿ ಆ ಪೌಂಡಿಗೆ 15 ರೂಪಾಯಿ ಬರುವದು. 18 ಪೆನ್ಸಿನ ದರದಲ್ಲಿ ಬರುವದು 13 ರೂಪಾಯಿ 5 ಆಣೆ 4 ಪೈ. ಬೆಳೆ ಅದೇ, ಬೆವರು ಅದೇ, ಪರದೇಶದ ಧಾರಣೆಯೂ ಅದೇ. ಆದರೆ ಹದಿನೈದಕ್ಕೆ ಒಂದೂಮುಕ್ಕಾಲು ರೂಪಾಯಿಯಷ್ಟು ಹಣವು ನಡುದಾರಿಯಲ್ಲಿಯೇ ಕರಗಿಹೋಯಿತು. ಅವನು ಕೊಡಬೇಕಾದ ಭೂಕಂದಾಯವು ಒಂದು ಪೈಯಷ್ಟೂ ಇಳಿಯಲಿಲ್ಲ. ಸಾಹುಕಾರನ ಖಾತೆಯೊಳಗಿನ ಸಾಲವೂ ಇಳಿಯಲಿಲ್ಲ. ಲಾಭವಾದದ್ದು ಯಾರಿಗೆ? ಇಂಗ್ಲಂಡದಿಂದ ಬಟ್ಟೆ, ಯಂತ್ರಗಳನ್ನು ಇಲ್ಲಿಗೆ ಕಳಿಸುವವನ ಮಾಲು ಅಗ್ಗವಾಯಿತು. ಇಲ್ಲಿಯ ರೂಪಾಯಿಯಲ್ಲಿ ಸಂಬಳ ಪಡೆದು ಪೌಂಡುಗಳಲ್ಲಿ ಮನೆಗೆ ಕಳಿಸುವ ಆಂಗ್ಲ ಅಧಿಕಾರಿಗೆ ಹೆಚ್ಚು ಪೌಂಡು ದೊರೆಯಿತು. ಹಿಂದುಸ್ಥಾನ ಸರಕಾರವು ವಿಲಾಯತಿಗೆ ಕಟ್ಟುವ ಹಣದ ಭಾರವೂ ಹಗುರಾಯಿತು. ಒಂದು ಅಂಕಿಯು ಬದಲಾದ ಮಾತ್ರಕ್ಕೆ ಒಬ್ಬನ ಕಣಜದಿಂದ ಇನ್ನೊಬ್ಬನ ಕೊಟ್ಟಿಗೆಗೆ ಸಂಪತ್ತು ಹೇಗೆ ಸಾಗುವದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಬೇಡ.

ಕೇಂದ್ರ ಬ್ಯಾಂಕಿನ ಮಸೂದೆಯು 1927ರಲ್ಲಿ ವಿಧಿಮಂಡಲದೆದುರು ಬಂತು. ಬ್ಯಾಂಕು ಶೇರುದಾರರದಾಗಬೇಕೋ ರಾಷ್ಟ್ರದ್ದಾಗಬೇಕೋ, ಅದರ ಆಡಳಿತ ಮಂಡಲಿಯಲ್ಲಿ ಜನಪ್ರತಿನಿಧಿಗಳಿಗೆ ಸ್ಥಾನವಿರಬೇಕೋ ಬೇಡವೋ ಎಂಬ ವಾದದಲ್ಲಿ ಅದು ಮುರಿದುಬಿತ್ತು. 1931ರ ಸಪ್ಟೆಂಬರಿನಲ್ಲಿ ಇಂಗ್ಲಂಡವು ಬಂಗಾರದ ಪ್ರಮಾಣವನ್ನು ಕೈಬಿಟ್ಟಾಗ ರೂಪಾಯಿಯನ್ನು ಅದೇ 18 ಪೆನ್ಸಿನ ದರದಲ್ಲಿ ಸ್ಟರ್ಲಿಂಗಿಗೆ ಬಿಗಿಯಲಾಯಿತು. ಅದು ಜಗತ್ತಿನಲ್ಲೆಲ್ಲ ಧಾರಣೆಗಳು ಕುಸಿದ ಕಾಲ. ಬೆಳೆಗೆ ಬೆಲೆ ಇಲ್ಲ; ಕಂದಾಯ, ಸಾಲಗಳು ತಪ್ಪಿದ್ದಲ್ಲ. ಆಗ ಹಳ್ಳಿಗಳೊಳಗಿನ ಹೆಣ್ಣುಮಕ್ಕಳ ಮೈಮೇಲಿನ ಬಂಗಾರವು ಪೇಟೆಗೆ ಬಂದು, ಪೇಟೆಯಿಂದ ಮುಂಬಯಿಗೆ, ಮುಂಬಯಿಯಿಂದ ಲಂಡನ್ನಿಗೆ ಹರಿಯಿತು. ನೂರಾರು ಕೋಟಿ ರೂಪಾಯಿಗಳ ಬಂಗಾರವು ಆ ಕೆಲವೇ ವರ್ಷಗಳಲ್ಲಿ ದೇಶವನ್ನು ಬಿಟ್ಟುಹೋಯಿತು. ಸರಕಾರವು ಇದನ್ನು ವ್ಯಾಪಾರವೆಂದು ಕರೆಯಿತು. ತಾಳಿಯನ್ನು ಮಾರಿ ಕಂದಾಯ ಕಟ್ಟಿದವರು ಅದನ್ನು ಏನೆಂದು ಕರೆದಿರಬಹುದೆಂಬುದನ್ನು ನಾವು ಹೇಳಬೇಕಾಗಿಲ್ಲ.

ಇಂಥ ಕಾಲದಲ್ಲಿ 1934ರ ಕಾಯಿದೆಯಿಂದ ರಿಝರ್ವ್ ಬ್ಯಾಂಕು ಹುಟ್ಟಿತು. ಐದು ಕೋಟಿ ರೂಪಾಯಿಗಳ ಬಂಡವಲು, ನೂರು ರೂಪಾಯಿಗಳ ಶೇರುಗಳು. ಮುಖ್ಯ ಕಚೇರಿ ಮೊದಲು ಕಲಕತ್ತೆಯಲ್ಲಿ, 1937ರಿಂದ ಮುಂಬಯಿಯಲ್ಲಿ. ನೋಟುಗಳನ್ನು ಹೊರಡಿಸುವದು, ಸರಕಾರದ ಹಣವನ್ನು ಇಟ್ಟುಕೊಳ್ಳುವದು, ಉಳಿದ ಬ್ಯಾಂಕುಗಳಿಗೆ ಆಪತ್ಕಾಲದ ಆಸರೆಯಾಗುವದು, ಇವು ಅದರ ಕಾರ್ಯಗಳಾದವು. ಹೊರಡಿಸಿದ ನೋಟುಗಳ ಬೆಲೆಯ ನೂರಕ್ಕೆ 40 ಭಾಗದಷ್ಟಾದರೂ ಬಂಗಾರ ಅಥವಾ ಸ್ಟರ್ಲಿಂಗು ಪತ್ರಗಳು ಬ್ಯಾಂಕಿನಲ್ಲಿ ಇರಬೇಕೆಂದು ಕಾಯಿದೆಯು ವಿಧಿಸಿತು. ಮೊದಲನೆಯ ಗವರ್ನರರಾದ ಸರ್ ಆಸ್ಬರ್ನ್ ಸ್ಮಿಥ್‌ರು ಹುಂಡಿಯ ದರ, ಬಡ್ಡಿಯ ದರಗಳ ವಿಷಯದಲ್ಲಿ ಸರಕಾರದ ಅರ್ಥಸಚಿವರೊಡನೆ ಮನಸ್ತಾಪ ಬಂದು 1937ರಲ್ಲಿ ಹುದ್ದೆಯನ್ನು ಬಿಟ್ಟರು. ಬೊಕ್ಕಸಕ್ಕೂ ಬ್ಯಾಂಕಿಗೂ ನಡುವಣ ತಿಕ್ಕಾಟವು ಹೀಗೆ ತೊಟ್ಟಿಲಿನಿಂದಲೇ ಆರಂಭವಾಯಿತು.

ಎರಡನೆಯ ಮಹಾಯುದ್ಧವು ಈ ಬ್ಯಾಂಕಿನ ದಾಸ್ಯವನ್ನು ಬಯಲಿಗೆಳೆಯಿತು. ಇಲ್ಲಿಂದ ಧಾನ್ಯ, ಬಟ್ಟೆ, ಉಕ್ಕು, ಸೈನಿಕರಿಗೆ ಬೇಕಾದ ಸಕಲ ಸಾಮಗ್ರಿಗಳೂ ಯುದ್ಧಕ್ಕೆ ಹೋದವು. ಬ್ರಿಟಿಶ್ ಸರಕಾರವು ಇವುಗಳ ಬೆಲೆಯನ್ನು ಲಂಡನ್ನಿನಲ್ಲಿ ಸ್ಟರ್ಲಿಂಗು ಪತ್ರಗಳ ರೂಪದಲ್ಲಿ ಬ್ಯಾಂಕಿನ ಹೆಸರಿಗೆ ಬರೆಯಿತು. ಆ ಪತ್ರಗಳನ್ನೇ ಆಧಾರವಾಗಿಟ್ಟುಕೊಂಡು ಬ್ಯಾಂಕು ಇಲ್ಲಿ ನೋಟುಗಳನ್ನು ಅಚ್ಚು ಹಾಕಿಸಿತು. ಮಾಲು ಹೊರಗೆ ಹೋಯಿತು. ಕಾಗದವು ಒಳಗೆ ಉಳಿಯಿತು. ಯುದ್ಧದ ಆರು ವರ್ಷಗಳಲ್ಲಿ ಚಲಾವಣೆಯೊಳಗಿನ ನೋಟುಗಳು ಸುಮಾರು ಆರು ಪಟ್ಟಾದವು. ಕಾಳು ಕಡಿಮೆ, ನೋಟು ಹೆಚ್ಚು ಎಂದ ಮೇಲೆ ಧಾರಣೆಯು ಏರದೆ ಇನ್ನೇನಾದೀತು? ಹಣವಿದ್ದವನು ಕೊಂಡನು, ಇಲ್ಲದವನು ಉಪವಾಸ ಬಿದ್ದನು. 1943ರ ಬಂಗಾಲದ ಕ್ಷಾಮಕ್ಕೆ ಕಾರಣಗಳು ಹಲವು. ಆದರೆ ಯುದ್ಧದ ವೆಚ್ಚಕ್ಕಾಗಿ ಹರಿಯಬಿಟ್ಟ ನೋಟುಗಳ ಮಹಾಪೂರವೂ ಅವುಗಳಲ್ಲೊಂದೆಂಬುದರಲ್ಲಿ ಸಂಶಯವಿಲ್ಲ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸಿ. ಡಿ. ದೇಶಮುಖರು ಮೊದಲನೆಯ ಭಾರತೀಯ ಗವರ್ನರರಾದರು. 1944ರಲ್ಲಿ ಅಮೇರಿಕೆಯ ಬ್ರೆಟನ್ ವುಡ್ಸಿನಲ್ಲಿ ಸೇರಿದ ಪರಿಷತ್ತಿಗೆ ಅವರೂ ಹೋಗಿದ್ದರು. ಬ್ರಿಟನ್ನು ನಮಗೆ ತೀರಿಸಬೇಕಾದ ಸಾಲದ ಪ್ರಶ್ನೆಯನ್ನು ಭಾರತದ ಪ್ರತಿನಿಧಿಗಳು ಅಲ್ಲಿ ಎತ್ತಿದರು. ಯುದ್ಧವು ಮುಗಿದಾಗ ಆ ಸಾಲವು 1,700 ಕೋಟಿ ರೂಪಾಯಿಗಳಿಗೂ ಮಿಕ್ಕಿತ್ತು. ಬಡ ರಾಷ್ಟ್ರವು ಸಿರಿವಂತ ಸಾಮ್ರಾಜ್ಯಕ್ಕೆ ಬಲವಂತದಿಂದ ಕೊಟ್ಟ ಕೈಗಡವದು.

ಸ್ವಾತಂತ್ರ್ಯವು ಬಂದ ಮೇಲೆ 1949ನೆಯ ಜನೇವರಿ 1ರಂದು ಬ್ಯಾಂಕು ರಾಷ್ಟ್ರದ ಸ್ವತ್ತಾಯಿತು. ಶೇರುದಾರರಿಗೆ ನೂರು ರೂಪಾಯಿಗಳ ಶೇರಿಗೆ 118 ರೂಪಾಯಿ 10 ಆಣೆಯಂತೆ ಪರಿಹಾರವು ಸಂದಿತು. ಇಪ್ಪತ್ತೆರಡು ವರ್ಷಗಳ ಹಿಂದೆ ವಿಧಿಮಂಡಲದಲ್ಲಿ ನಮ್ಮ ಮುಖಂಡರು ಹೂಡಿದ ವಾದವು ಕಡೆಗೂ ಗೆದ್ದಿತು.

ಇಲ್ಲಿ ನಮ್ಮ ಕನ್ನಡ ನಾಡಿನ ಒಂದು ಮಾತನ್ನು ಹೇಳದೆ ಮುಂದುವರಿಯಲಾಗದು. ಕನ್ನಡಿಗರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹರಿದು ಹಂಚಿಹೋಗಿದ್ದ ದಿನಗಳಲ್ಲಿ ನಮ್ಮನ್ನು ಬೇರ್ಪಡಿಸಿದ್ದು ಗಡಿಯ ಕಲ್ಲುಗಳಷ್ಟೇ ಅಲ್ಲ, ನಾಣ್ಯವೂ ಬೇರ್ಪಡಿಸಿತ್ತು. ನಿಜಾಮರ ಸೀಮೆಯೊಳಗಿನ ಬೀದರ, ಕಲಬುರ್ಗಿ, ರಾಯಚೂರುಗಳಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು. ವಿಜಾಪುರ, ಧಾರವಾಡಗಳಲ್ಲಿ ಕಲ್ದಾರ ರೂಪಾಯಿ. ಆರು ಕಲ್ದಾರಕ್ಕೆ ಏಳು ಹಾಲಿ. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಗಡಿಯ ಒಂದು ಬದಿಯ ಸಂತೆಯಲ್ಲಿ ಎತ್ತು ಮಾರಿ ಇನ್ನೊಂದು ಬದಿಯಲ್ಲಿ ಬೀಜ ಕೊಳ್ಳುವ ಕನ್ನಡಿಗನು, ತನ್ನದೇ ನುಡಿಯಾಡುವ ನೆರೆಯವನೊಡನೆ ವ್ಯವಹರಿಸುವದಕ್ಕೂ ಬಟ್ಟದ ಲೆಕ್ಕ ಮಾಡಬೇಕಾಗುತ್ತಿತ್ತು. ನಿಜಾಮ ಸರಕಾರದ ನೋಟುಗಳ ಮೇಲೆ ಕನ್ನಡದಲ್ಲಿಯೂ ಬೆಲೆಯನ್ನು ಬರೆದಿದ್ದರು. ಆದರೆ ಆ ಸರಕಾರದ ದಫ್ತರದ ಭಾಷೆಯು ಉರ್ದು. ನೋಟಿನ ಮೇಲೆ ಕನ್ನಡ, ನ್ಯಾಯ ಕೇಳಹೋದಲ್ಲಿ ಕನ್ನಡವಿಲ್ಲ! ಹೈದರಾಬಾದು ಭಾರತದಲ್ಲಿ ವಿಲೀನವಾದ ತರುವಾಯ 1950ರ ದಶಕದಲ್ಲಿ ಹಾಲಿ ಸಿಕ್ಕಾ ಹಿಂದೆ ಸರಿಯಿತು. 1956ರ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯಿತು. ನಾಣ್ಯವು ಭಾರತದ್ದು, ನುಡಿಯು ನಾಡಿನದು. ಇವೆರಡಕ್ಕೂ ವಿರೋಧವಿಲ್ಲವೆಂಬುದೇ ಏಕೀಕರಣದ ಪಕ್ಷವನ್ನು ಹಿಡಿದವರೆಲ್ಲರ ವಾದವಾಗಿತ್ತು, ಮತ್ತು ಅದು ನಿಜವೆಂದು ಸಿದ್ಧವಾಯಿತು.

ಬ್ಯಾಂಕು ರಾಷ್ಟ್ರದ್ದಾಯಿತು, ಸರಿ. ಆದರೆ ಬೀಗದ ಕೈಯ ಪ್ರಶ್ನೆಯು ತೀರಿತೆ? ತೀರಲಿಲ್ಲ. 1955ರಲ್ಲಿ ಸರಕಾರಕ್ಕೂ ಬ್ಯಾಂಕಿಗೂ ಒಂದು ಒಡಂಬಡಿಕೆಯಾಯಿತು. ಸರಕಾರದ ಖಾತೆಯಲ್ಲಿ 50 ಕೋಟಿ ರೂಪಾಯಿಗಳಿಗಿಂತ ಕಡಿಮೆ ಹಣ ಉಳಿದ ಕೂಡಲೆ ಸರಕಾರವು ತಾತ್ಕಾಲಿಕ ಖಜಾನೆ ಹುಂಡಿಯನ್ನು ಬ್ಯಾಂಕಿಗೆ ಬರೆದುಕೊಡುವದು. ಬ್ಯಾಂಕು ಆ ಕೊರತೆಯನ್ನು ತುಂಬುವದು. ಕೆಲವು ದಿನಗಳ ಕೈಗಡವೆಂದು ಹುಟ್ಟಿದ ಈ ವ್ಯವಸ್ಥೆಯಲ್ಲಿ ಒಂದು ಹುಂಡಿಯ ಅವಧಿ ತೀರಿದರೆ ಇನ್ನೊಂದು ಹುಂಡಿ ಸಿದ್ಧ. ಸರಕಾರವು ತೆರಿಗೆಯಿಂದ ಎತ್ತಲಾರದ, ಜನರಿಂದ ಸಾಲ ಪಡೆಯಲಾರದ ಹಣವು ಬ್ಯಾಂಕಿನ ಲೆಕ್ಕದ ಪುಸ್ತಕದಲ್ಲಿ ಹುಟ್ಟತೊಡಗಿತು. ಮರು ವರ್ಷವೇ ನೂರಕ್ಕೆ 40ರ ಹಳೆಯ ಕಟ್ಟೂ ಸಡಿಲಿತು. 1957ರ ತಿದ್ದುಪಡಿಯ ಪ್ರಕಾರ 115 ಕೋಟಿಯ ಬಂಗಾರವನ್ನೊಳಗೊಂಡು ಒಟ್ಟು 200 ಕೋಟಿಯ ಆಧಾರವಿದ್ದರೆ ಎಷ್ಟು ನೋಟುಗಳನ್ನಾದರೂ ಹೊರಡಿಸಬಹುದೆಂದಾಯಿತು. ಬೆಳೆಯುವ ದೇಶಕ್ಕೆ ಬೆಳೆಯುವ ನಾಣ್ಯ ಬೇಕೆಂಬುದು ನಿಜ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು, ಹಾಸಿಗೆಯನ್ನು ಕಾಗದದ ಮೇಲೆ ಉದ್ದ ಬರೆಯಬಹುದೆಂದು ತಿದ್ದಿದಂತಾಯಿತು.

ಆ ಕಾಲದಲ್ಲಿ ಗವರ್ನರರಾಗಿದ್ದವರು ಮಂಗಳೂರಿನ ಬೆನೆಗಲ್ ಮನೆತನದ ಸರ್ ಬೆನೆಗಲ್ ರಾಮರಾಯರು. ಸಂವಿಧಾನದ ಕರಡನ್ನು ಸಿದ್ಧಪಡಿಸಿದ ಬೆನೆಗಲ್ ನರಸಿಂಗರಾಯರ ಸೋದರರಿವರು. 1949ರಿಂದ 1957ರ ವರೆಗೆ ಏಳೂವರೆ ವರ್ಷ ಆ ಪೀಠದಲ್ಲಿ ಕುಳಿತ ಇವರಷ್ಟು ದೀರ್ಘಕಾಲ ಬೇರೆ ಯಾವ ಗವರ್ನರರೂ ಇರಲಿಲ್ಲ. ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮೇಲಿನ ಮುದ್ರಾಶುಲ್ಕವನ್ನು ಏರಿಸಿದಾಗ, ಅದು ಹಿಂಬಾಗಿಲಿನಿಂದ ಬಡ್ಡಿಯ ದರವನ್ನೇ ಏರಿಸಿದಂತೆಂದೂ, ಅದು ಬ್ಯಾಂಕಿನ ಅಧಿಕಾರದಲ್ಲಿ ಕೈ ಹಾಕಿದಂತೆಂದೂ ರಾಮರಾಯರು ಪ್ರತಿಭಟಿಸಿದರು. ರಿಝರ್ವ್ ಬ್ಯಾಂಕು ಅರ್ಥಖಾತೆಯ ಒಂದು ವಿಭಾಗವೆಂಬ ಮಂತ್ರಿಗಳ ನಿಲುವನ್ನು ಅವರು ಒಪ್ಪಲಿಲ್ಲ. ಪ್ರಧಾನಿ ನೆಹರೂ ಅವರು ಮಂತ್ರಿಯ ಪಕ್ಷವನ್ನು ಹಿಡಿದರು. 1957ರ ಜನೇವರಿಯಲ್ಲಿ ರಾಮರಾಯರು ರಾಜೀನಾಮೆ ಇತ್ತು ಹೊರಬಂದರು. ನೆಹರೂ ಅವರಲ್ಲಿ ನಮಗಿರುವ ಗೌರವವು ಕಡಿಮೆಯದಲ್ಲ; ಆದರೂ ಆ ದಿನ ನ್ಯಾಯವು ರಾಯರ ಕಡೆಗಿತ್ತೆಂದೇ ನಮ್ಮ ಅಭಿಪ್ರಾಯ. ಮುಂದಿನ ನಾಲ್ವತ್ತು ವರ್ಷಗಳು ಅದನ್ನು ಸಾಧಿಸಿ ತೋರಿಸಿದವು.

ಬ್ಯಾಂಕು ಮಾಡಿದ ಒಳ್ಳೆಯ ಕೆಲಸವನ್ನು ಮರೆಮಾಚುವದು ನಮ್ಮ ಉದ್ದೇಶವಲ್ಲ. 1951ರಲ್ಲಿ ಅದು ನಡೆಯಿಸಿದ ಗ್ರಾಮೀಣ ಸಾಲದ ಸಮೀಕ್ಷೆಯು ಒಕ್ಕಲಿಗನ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರವೆಂದೂ, ಬಹುಪಾಲು ಸಾಲವು ಬಡ್ಡಿ ವ್ಯಾಪಾರಿಗಳದೆಂದೂ ದೇಶದ ಕಣ್ಣು ತೆರೆಯಿಸಿತು. ಅದರ ಫಲವಾಗಿ 1955ರಲ್ಲಿ ಸ್ಟೇಟ್ ಬ್ಯಾಂಕು ಹುಟ್ಟಿ ಹಳ್ಳಿಗಾಡಿನ ಕಡೆಗೆ ಮುಖ ಮಾಡಿತು. 1982ರಲ್ಲಿ ಒಕ್ಕಲುತನದ ಸಾಲಕ್ಕಾಗಿಯೇ ನಬಾರ್ಡ್ ಸ್ಥಾಪಿತವಾಯಿತು. ನಮ್ಮ ಕರಾವಳಿಯವರು ಈ ಪಾಠವನ್ನು ದಿಲ್ಲಿಗಿಂತ ಮೊದಲೇ ಕಲಿತಿದ್ದರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ, ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕಿನ ಬೀಜ ಬಿತ್ತಿದವರು ಸಣ್ಣವರ ಸಣ್ಣ ಉಳಿತಾಯದಿಂದಲೇ ದೊಡ್ಡ ಬ್ಯಾಂಕನ್ನು ಕಟ್ಟಬಹುದೆಂದು ತೋರಿಸಿದರು. ಇಂಥ ಸಣ್ಣ ಉಳಿತಾಯಗಾರನೇ ಬೆಲೆಯೇರಿಕೆಯ ಮೊದಲನೆಯ ಬಲಿಯೆಂಬುದನ್ನು ಮಾತ್ರ ಮರೆಯಲಾಗದು. ಸಿರಿವಂತನು ತನ್ನ ಹಣವನ್ನು ಹೊಲ, ಮನೆ, ಬಂಗಾರಗಳಿಗೆ ಬದಲಿಸಿಕೊಳ್ಳುವನು. ಬಡವನ ಹಣವು ನೋಟಿನಲ್ಲಿಯೂ ಠೇವಣಿಯಲ್ಲಿಯೂ ಇರುವದು.

1966ರ ಜೂನ್ 6ರಂದು ಡಾಲರಿಗೆ 4 ರೂಪಾಯಿ 76 ಪೈಸೆಯಿದ್ದ ದರವು 7 ರೂಪಾಯಿ 50 ಪೈಸೆಯಾಯಿತು. ಬರಗಾಲ, ಯುದ್ಧ, ತೈಲದ ಬೆಲೆಗಳ ಹೊಡೆತಕ್ಕೆ ಸಿಕ್ಕಿ 1973 ಮತ್ತು 1974ರಲ್ಲಿ ಸಗಟು ಬೆಲೆಗಳು ವರ್ಷಕ್ಕೆ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಏರಿದವು. 1985ರಲ್ಲಿ ಸುಖಮಯ ಚಕ್ರವರ್ತಿಯವರ ಸಮಿತಿಯು, ಹಣದ ಪೂರೈಕೆಗೆ ಒಂದು ಗುರಿಯನ್ನಿಟ್ಟುಕೊಂಡು ನಡೆಯಬೇಕೆಂದು ಸಲಹೆಯಿತ್ತಿತು. ಆದರೆ ಹುಂಡಿಗಳು ತಾವಾಗಿಯೇ ಹುಟ್ಟುತ್ತಿದ್ದಲ್ಲಿ ಗುರಿಯಿಂದ ಆಗುವದೇನು? ಹಳ್ಳಕ್ಕೆ ಕಟ್ಟೆ ಕಟ್ಟುತ್ತಲೇ ತೂಬನ್ನು ತೆರೆದಿಟ್ಟಂತೆ. ಎಂಬತ್ತರ ದಶಕದ ಸಾಲವೂ ಕೊಲ್ಲಿಯ ಯುದ್ಧದ ತೈಲದ ಬೆಲೆಯೂ ಕೂಡಿ 1991ರಲ್ಲಿ ದೇಶವನ್ನು ದಿವಾಳಿಯ ಅಂಚಿಗೆ ತಂದವು. ಪರದೇಶದ ಹಣವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿಯಿತು. ಆ ಜುಲೈ ತಿಂಗಳಲ್ಲಿ ರಿಝರ್ವ್ ಬ್ಯಾಂಕಿನ ಸುಮಾರು 47 ಟನ್ನು ಬಂಗಾರವು ಅಡವಿಗಾಗಿ ವಿಮಾನವನ್ನೇರಿ ಲಂಡನ್ನಿಗೆ ಹೋಯಿತು. ಅರವತ್ತು ವರ್ಷಗಳ ಹಿಂದೆ ನಮ್ಮ ಹೆಣ್ಣುಮಕ್ಕಳ ಬಂಗಾರವು ಹೋದ ಊರಿಗೇ, ಸ್ವತಂತ್ರ ಭಾರತದ ಬಂಗಾರವೂ ಹೋಗಬೇಕಾಯಿತು. ಮೊದಲನೆಯ ಸಲ ಹೊರಗಿನವರ ಆಜ್ಞೆ. ಎರಡನೆಯ ಸಲ ನಮ್ಮದೇ ಹಣಕಾಸಿನ ಅಶಿಸ್ತು.

ಈ ಅವಮಾನದಿಂದ ಕಣ್ಣು ತೆರೆಯಿತು. 1994ರಲ್ಲಿ ಅರ್ಥಮಂತ್ರಿ ಮನಮೋಹನ ಸಿಂಗರೂ ಗವರ್ನರ ರಂಗರಾಜನ್ನರೂ ಇದ್ದಾಗ ಆದ ಒಡಂಬಡಿಕೆಯಂತೆ, 1997ರ ಎಪ್ರಿಲಿನಿಂದ ತಾತ್ಕಾಲಿಕ ಹುಂಡಿಗಳ ಪದ್ಧತಿಯು ನಿಂತುಹೋಯಿತು. ಸರಕಾರವು ಬ್ಯಾಂಕಿನಿಂದ ಪಡೆಯುವ ಕೈಗಡಕ್ಕೆ ಮಿತಿಯೂ ಅವಧಿಯೂ ಬಂದವು. 2003ರ ಹಣಕಾಸಿನ ಹೊಣೆಗಾರಿಕೆಯ ಕಾಯಿದೆಯಂತೆ, ಸರಕಾರವು ಹೊಸದಾಗಿ ಹೊರಡಿಸುವ ಸಾಲಪತ್ರಗಳನ್ನು ಬ್ಯಾಂಕು ನೇರವಾಗಿ ಕೊಳ್ಳುವದು 2006ರಿಂದ, ವಿಶೇಷ ಸಂದರ್ಭಗಳ ಹೊರತು, ನಿಂತಿತು. ಕಡೆಗೆ 2016ರಲ್ಲಿ ಕಾಯಿದೆಯನ್ನೇ ತಿದ್ದಿ ಬೆಲೆಯ ಸ್ಥಿರತೆಯನ್ನು ಬ್ಯಾಂಕಿನ ಮುಖ್ಯ ಧ್ಯೇಯವಾಗಿ ಬರೆಯಲಾಯಿತು. ಬೆಲೆಯೇರಿಕೆಯು ವರ್ಷಕ್ಕೆ ನೂರಕ್ಕೆ ನಾಲ್ಕು ಇರತಕ್ಕದ್ದು. ಎರಡಕ್ಕಿಂತ ಕೆಳಗಿಳಿಯಬಾರದು, ಆರನ್ನು ಮೀರಬಾರದು. ಈ ಗುರಿಯನ್ನು ಐದು ವರ್ಷಗಳಿಗೊಮ್ಮೆ ಸರಕಾರವು ಬ್ಯಾಂಕಿನೊಡನೆ ಸಮಾಲೋಚಿಸಿ ನಿರ್ಣಯಿಸುವದು. 2021ರಲ್ಲಿ ಅದನ್ನೇ ಮುಂದುವರಿಸಲಾಯಿತು. ಬಡ್ಡಿಯ ದರವನ್ನು ನಿಶ್ಚಯಿಸುವದು ಆರು ಜನರ ಸಮಿತಿ: ಮೂವರು ಬ್ಯಾಂಕಿನವರು, ಮೂವರು ಸರಕಾರವು ನೇಮಿಸಿದವರು, ಮತಗಳು ಸಮವಾದರೆ ಗವರ್ನರರ ಹೆಚ್ಚಿನ ಮತ.

ಈ ಬಡ್ಡಿಯ ದರದ ಕೆಲಸವನ್ನು ಎರಡು ಮಾತಿನಲ್ಲಿ ಹೇಳುವದಾದರೆ, ಬ್ಯಾಂಕುಗಳಿಗೆ ರಿಝರ್ವ್ ಬ್ಯಾಂಕು ಅಲ್ಪಾವಧಿಯ ಸಾಲ ಕೊಡುವ ದರಕ್ಕೆ ರೆಪೊ ಎಂದು ಹೆಸರು. ಅದು ಏರಿದರೆ ಬ್ಯಾಂಕುಗಳು ಜನರಿಗೆ ಕೊಡುವ ಸಾಲದ ಬಡ್ಡಿಯೂ ಏರುವದು. ಸಾಲ ಪಡೆದು ಕೊಳ್ಳುವವರು ಕಡಿಮೆಯಾಗಿ ಪೇಟೆಯ ಬಿಸಿಯು ಆರುವದು. ಇಳಿದರೆ ಅದಕ್ಕೆ ವಿರುದ್ಧವಾಗಿ ನಡೆಯುವದು. ಮನೆ ಕಟ್ಟಲು ಸಾಲ ಪಡೆದ ಹುಬ್ಬಳ್ಳಿಯ ಗುಮಾಸ್ತನ ತಿಂಗಳ ಕಂತೂ, ಠೇವಣಿಯ ಬಡ್ಡಿಯಿಂದ ಬದುಕುವ ಶಿವಮೊಗ್ಗೆಯ ನಿವೃತ್ತ ಶಿಕ್ಷಕರ ಆದಾಯವೂ ಮುಂಬಯಿಯ ಆ ಆರು ಜನರ ಮತದಿಂದ ಅಲುಗಾಡುವವು.

ವ್ಯವಸ್ಥೆಯು ಒಳ್ಳೆಯದೆಂದು ನಾವು ಒಪ್ಪುವೆವು. ಆದರೆ ಬರೆದ ಕಾಯಿದೆಯು ಬೇರೆ, ನಡೆಯುವ ನಡತೆಯು ಬೇರೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರ ರೂಪಾಯಿಗಳ ನೋಟುಗಳು ರದ್ದಾದವು. ಸರಕಾರವು ಹಿಂದಿನ ದಿನ ಸಲಹೆಯನ್ನು ಕಳಿಸಿತು. ಮರುದಿನ ಬ್ಯಾಂಕಿನ ಮಂಡಲಿಯು ಒಪ್ಪಿತು. ಅದೇ ರಾತ್ರಿ ಘೋಷಣೆಯಾಯಿತು. ಕೋಟ್ಯವಧಿ ಜನರು ಸರದಿಯಲ್ಲಿ ನಿಂತರು. ಕಡೆಗೆ ರದ್ದಾದ ನೋಟುಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಮರಳಿ ಬಂದವೆಂದು ಬ್ಯಾಂಕೇ ಲೆಕ್ಕ ಕೊಟ್ಟಿತು. 2023ರ ಜನೇವರಿ 2ರಂದು ಸುಪ್ರೀಮ್ ಕೋರ್ಟಿನ ಐವರು ನ್ಯಾಯಾಧೀಶರಲ್ಲಿ ನಾಲ್ವರು ಆ ಕ್ರಮವನ್ನು ಎತ್ತಿಹಿಡಿದರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನರು ಮಾತ್ರ ಭಿನ್ನಮತವನ್ನು ಬರೆದರು. ಸೂಚನೆಯು ಬ್ಯಾಂಕಿನಿಂದ ಹುಟ್ಟದೆ ಸರಕಾರದಿಂದ ಹುಟ್ಟಿದಲ್ಲಿ ಸಂಸತ್ತಿನ ಕಾಯಿದೆಯ ಮೂಲಕವೇ ಬರಬೇಕಾಗಿತ್ತೆಂದೂ, ಬ್ಯಾಂಕು ಸ್ವತಂತ್ರವಾಗಿ ವಿಚಾರ ಮಾಡಿದ್ದು ಕಾಣದೆಂದೂ ಅವರ ಅಭಿಪ್ರಾಯದ ಸಾರ. ಬಹುಮತದ ತೀರ್ಪಿಗೆ ತಲೆಬಾಗುವದು ಪ್ರಜೆಯ ಧರ್ಮ. ಆದರೆ ರಾಮರಾಯರು 1957ರಲ್ಲಿ ಎತ್ತಿದ ಪ್ರಶ್ನೆಯೇ ಆ ಭಿನ್ನಮತದಲ್ಲಿ ಮತ್ತೆ ಕೇಳಿಬಂದಿತೆಂಬುದನ್ನು ನಾವು ನಮ್ಮ ವಾಚಕರ ಲಕ್ಷ್ಯಕ್ಕೆ ತರುವೆವು.

ಎರಡನೆಯ ಸಂಗತಿಯು ಇದಕ್ಕಿಂತ ಮೌನವಾದುದು, ಆದರೆ ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡದು. ಬೆಲೆಯೇರಿಕೆಯು ಒಂದರ ಮೇಲೊಂದು ಮೂರು ತ್ರೈಮಾಸಿಕಗಳಲ್ಲಿ ಗೆರೆಯನ್ನು ಮೀರಿದರೆ, ಏಕೆ ಹೀಗಾಯಿತು, ಏನು ಮಾಡುವೆವು, ಎಷ್ಟು ಕಾಲದಲ್ಲಿ ಸರಿಪಡಿಸುವೆವು ಎಂದು ಬ್ಯಾಂಕು ಸರಕಾರಕ್ಕೆ ವರದಿ ಒಪ್ಪಿಸಬೇಕೆಂದು 2016ರ ತಿದ್ದುಪಡಿಯು ಹೇಳುವದು. 2022ರಲ್ಲಿ ಜನೇವರಿಯಿಂದ ಸಪ್ಟೆಂಬರಿನ ವರೆಗೆ ಬೆಲೆಯೇರಿಕೆಯು ನೂರಕ್ಕೆ ಆರನ್ನು ಮೀರಿಯೇ ಇತ್ತು. ಆ ನವೆಂಬರಿನಲ್ಲಿ ಸಮಿತಿಯು ಸಭೆ ಸೇರಿತು. ವರದಿಯು ಸರಕಾರಕ್ಕೆ ಹೋಯಿತು. ಆದರೆ ಅದನ್ನು ಜನರೆದುರು ಇಡಲಿಲ್ಲ. ಪ್ರಕಟಿಸಬೇಕೆಂದು ಕಾಯಿದೆಯಲ್ಲಿಲ್ಲವೆಂಬುದು ಸಂಸತ್ತಿನಲ್ಲಿ ಬಂದ ಉತ್ತರ. ಎಣ್ಣೆಯ ಬೆಲೆ ಕೊಟ್ಟವರು ಜನರು, ಗೋದಿಯ ಬೆಲೆ ಕೊಟ್ಟವರು ಜನರು. ಏಕೆ ಕೊಡಬೇಕಾಯಿತೆಂಬ ವಿವರಣೆಯು ಮಾತ್ರ ಮುಂಬಯಿಯ ಕಚೇರಿಯಿಂದ ದಿಲ್ಲಿಯ ಕಚೇರಿಗೆ ಮುಚ್ಚಿದ ಲಕೋಟೆಯಲ್ಲಿ!

ಪ್ರಜಾಪ್ರಭುತ್ವದಲ್ಲಿ ಚುನಾಯಿತ ಸರಕಾರಕ್ಕಿಂತ ಬ್ಯಾಂಕು ದೊಡ್ಡದೇ ಎಂದು ಕೆಲವರು ಕೇಳುವರು. ಪ್ರಶ್ನೆಯು ಯೋಗ್ಯವಾದುದು, ಅದನ್ನು ತಳ್ಳಿಹಾಕಲಾಗದು. 1934ರ ಕಾಯಿದೆಯ ಏಳನೆಯ ಕಲಮಿನ ಪ್ರಕಾರ, ಸಾರ್ವಜನಿಕ ಹಿತಕ್ಕಾಗಿ ಗವರ್ನರರೊಡನೆ ಸಮಾಲೋಚಿಸಿ ಬ್ಯಾಂಕಿಗೆ ನಿರ್ದೇಶ ಕೊಡುವ ಅಧಿಕಾರವು ಸರಕಾರಕ್ಕೆ ಇದ್ದೇ ಇರುವದು. ಗುರಿಯನ್ನು ನಿಶ್ಚಯಿಸುವವರು ಜನಪ್ರತಿನಿಧಿಗಳೇ ಆಗಲಿ. ಆದರೆ ಬೆಳೆಯ ಕಾವಲಿಗೆ ನಿಂತವನ ಕೈಯಿಂದಲೇ ಬೆಳೆ ಕೀಳಿಸಬಾರದು. ಚುನಾವಣೆಯ ಮುಂಚಿನ ಆರು ತಿಂಗಳಿಗೆ ಹಿತವಾದುದು, ಮುಂದಿನ ಆರು ವರ್ಷಗಳಿಗೆ ಹಿತವಾಗುವದೆಂಬ ಭರವಸೆಯಿಲ್ಲ. ಹಾಗೆಂದು ಬ್ಯಾಂಕು ಯಾರಿಗೂ ಉತ್ತರ ಹೇಳದ ಮಠವಾಗಲೆಂದು ನಾವು ಹೇಳುವದಿಲ್ಲ. ಅದು 2024–25ನೆಯ ಸಾಲಿನ ಲೆಕ್ಕದಲ್ಲಿ ಸರಕಾರಕ್ಕೆ ಒಪ್ಪಿಸಿದ ಹೆಚ್ಚುವರಿ ಹಣವು 2,68,590 ಕೋಟಿ ರೂಪಾಯಿ. ಇಷ್ಟು ಹಣವು ಎಲ್ಲಿಂದ ಬಂದಿತು, ಆಪತ್ಕಾಲಕ್ಕೆ ಎಷ್ಟು ಉಳಿಯಿತು ಎಂದು ಕೇಳುವ ಹಕ್ಕು ಬೊಕ್ಕಸಕ್ಕೆ ಇದ್ದಷ್ಟೇ ಪ್ರಜೆಗೂ ಇರುವದು.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಮೊದಲನೆಯದು: ಗುರಿ ತಪ್ಪಿದಾಗ ಬ್ಯಾಂಕು ಬರೆಯುವ ವರದಿಯನ್ನು ಸಂಸತ್ತಿನ ಮುಂದಿಟ್ಟು ಪ್ರಕಟಿಸತಕ್ಕದ್ದೆಂದು ಕಾಯಿದೆಯಲ್ಲಿಯೇ ಬರೆಯಬೇಕು. ಎರಡನೆಯದು: ಸರಕಾರವು ಬ್ಯಾಂಕಿಗೆ ಕೊಡುವ ಮಹತ್ವದ ಸಲಹೆ, ನಿರ್ದೇಶಗಳೂ ಅವಕ್ಕೆ ಬ್ಯಾಂಕು ಕೊಟ್ಟ ಉತ್ತರಗಳೂ ಗೊತ್ತಾದ ಅವಧಿಯೊಳಗೆ ಬೆಳಕಿಗೆ ಬರಬೇಕು. ಮೂರನೆಯದು ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದ್ದು. ಭಾರತದ ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳಲ್ಲಿ ಅದರ ಬೆಲೆಯನ್ನು ಬರೆದಿರುವದು, ಕನ್ನಡವೂ ಅವುಗಳಲ್ಲೊಂದು. ಆ ನೋಟುಗಳಲ್ಲಿ ಎಷ್ಟೋ ನಮ್ಮ ಮೈಸೂರಿನ ಮುದ್ರಣಾಲಯದಲ್ಲಿಯೇ ಅಚ್ಚಾಗುವವು. ಬೆಲೆಯನ್ನು ಕನ್ನಡದಲ್ಲಿ ಬರೆಯಬಹುದಾದರೆ, ಆ ಬೆಲೆಯು ಏಕೆ ಇಳಿಯಿತೆಂಬುದನ್ನು ಏಕೆ ಬರೆಯಬಾರದು? ಬಡ್ಡಿಯ ದರದ ಪ್ರತಿಯೊಂದು ನಿರ್ಣಯವೂ ವಾರ್ಷಿಕ ವರದಿಯ ಸಾರವೂ ಅದೇ ದಿನ ಕನ್ನಡದಲ್ಲಿ, ಇತರ ದೇಶಭಾಷೆಗಳಲ್ಲಿ ಹೊರಡಬೇಕು. ಅಕ್ಷರವು ನೋಟಿನ ಮೇಲೆ, ಅರ್ಥವು ಪರಭಾಷೆಯಲ್ಲಿ ಎಂಬ ನಿಜಾಮರ ಕಾಲದ ಪದ್ಧತಿಯು ಪ್ರಜಾರಾಜ್ಯಕ್ಕೆ ಶೋಭಿಸುವದಿಲ್ಲ.

ಬೀಗದ ಕೈಯು ಮೊದಲು ಲಂಡನ್ನಿನಲ್ಲಿತ್ತು. ತರುವಾಯ ದಿಲ್ಲಿಯ ಅರ್ಥಖಾತೆಯ ಮೇಜಿನ ಮೇಲಿತ್ತು. ಈಗ ಕಾಯಿದೆಯ ಪ್ರಕಾರ ಬ್ಯಾಂಕಿನ ಬಳಿ ಇರುವದು. ಬ್ಯಾಂಕು ಅದರ ವಿಶ್ವಸ್ತನು, ಒಡೆಯನಲ್ಲ, ಸರಕಾರವೂ ಒಡೆಯನಲ್ಲ. ಒಡೆತನವು ಆ ನೋಟನ್ನು ನಂಬಿ ದುಡಿಯುವ ಜನರದು. ನಮ್ಮ ಪ್ರತಿನಿಧಿಗಳಾಗಿ ಲೋಕಸಭೆಗೂ ರಾಜ್ಯಸಭೆಗೂ ಹೋದ ಕರ್ನಾಟಕದ ಸದಸ್ಯರು, ಪಕ್ಷಭೇದವನ್ನು ಬದಿಗಿಟ್ಟು, ಈ ಮೂರು ಬೇಡಿಕೆಗಳನ್ನು ಮುಂದಿನ ಅಧಿವೇಶನದಲ್ಲಿಯೇ ಎತ್ತಬೇಕೆಂದು ನಾವು ಆಗ್ರಹಪಡಿಸುವೆವು. ವಾಚಕ ಮಹಾಶಯರು ತಮ್ಮ ತಮ್ಮ ಕ್ಷೇತ್ರದ ಸದಸ್ಯರಿಗೆ ಈ ವಿಷಯವಾಗಿ ಒಂದೊಂದು ಪತ್ರವನ್ನು, ಕನ್ನಡದಲ್ಲಿಯೇ, ಬರೆಯಲಿ.